ಒಂಬತ್ತು ಗಂಟೆಗೆ ಜಯಮ್ಮ ಎರಡು ಒತ್ತಿದ್ದರು

ಆ ಬೆಳಿಗ್ಗೆ ಒಂಬತ್ತು ಗಂಟೆಗೆ ಸರಿಯಾಗಿ ಜಯಮ್ಮನವರು ಮೋಟಾರ್ ನಿಲ್ಲಿಸಿದ್ದರು. ನಿಲ್ಲಿಸಿಲ್ಲ ಎಂದು ಹತ್ತು ಜನರ ಎದುರು ಹೇಳಿದವನು ನಾನು. ಹೇಳುವಾಗ ನನಗೆ ನಿಜ ಗೊತ್ತಿರಲಿಲ್ಲ — ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನೀವು ನನ್ನನ್ನು ಅರ್ಧ ಕ್ಷಮಿಸಿಬಿಡುತ್ತೀರಿ. ಆದ್ದರಿಂದ ಮುಂದಿನದನ್ನೂ ಈಗಲೇ ಬರೆಯುತ್ತೇನೆ. ಹತ್ತು ತಿಂಗಳ ನಂತರ ನನಗೆ ಗೊತ್ತಾಯಿತು. ಗೊತ್ತಾದ ಮೇಲೆ ಆರು ವರ್ಷ ಸುಮ್ಮನಿದ್ದೆ.

ಈ ಹದಿನೈದು ದಿನಗಳಲ್ಲಿ ನಡೆದದ್ದರ ಬಿಸಿ ಇನ್ನೂ ಮೈಯಲ್ಲಿದೆ. ಮಾತುಗಳು ಒಂದರ ಮೇಲೊಂದು ಬೀಳುತ್ತವೆ. ಆದರೂ ನಿಧಾನವಾಗಿ ಬರೆಯಬೇಕು. ಒಮ್ಮೆ ಆತುರದಲ್ಲಿ ಒಂದು ವಾಕ್ಯ ಹೇಳಿದ್ದಕ್ಕೇ ಇಷ್ಟೆಲ್ಲ ಆದದ್ದು.

ಅರಸೀಕೆರೆಯಲ್ಲಿ ನಾನು ಮತ್ತು ಗೆಳೆಯ ಸಲೀಂ ಸೇರಿ ಒಂದು ಚಿಕ್ಕ ಅಂಗಡಿ ಇಟ್ಟಿದ್ದೆವು. ಸಲೀಂ ಮೋಟಾರ್ ವೈಂಡಿಂಗ್ ಕಲಿತವನು, ನಾನು ಬೇಲೂರಿನವನು, ಎಲೆಕ್ಟ್ರಾನಿಕ್ಸ್ ಓದಿದವನು. ಇಬ್ಬರೂ ಸೇರಿ ಬೋರ್‌ವೆಲ್‌ಗೆ ಮೊಬೈಲ್ ಸ್ಟಾರ್ಟರ್ ಮಾಡುತ್ತಿದ್ದೆವು. ಪಂಪ್ ಮನೆಯ ಗೋಡೆಗೆ ಒಂದು ಪೆಟ್ಟಿಗೆ, ಅದರೊಳಗೆ ಒಂದು ಸಿಮ್. ಮನೆಯಿಂದಲೇ ಕರೆ ಮಾಡಿ ಒಂದು ಒತ್ತಿದರೆ ಮೋಟಾರ್ ಚಾಲೂ, ಎರಡು ಒತ್ತಿದರೆ ಬಂದ್. ಪೆಟ್ಟಿಗೆ ಉತ್ತರ ಕೊಡುವ ಧ್ವನಿ ನನ್ನದೇ. ಅಂಗಡಿಯ ಬಾಗಿಲು ಮುಚ್ಚಿ, ಫ್ಯಾನ್ ಆರಿಸಿ, ಬೆವರುತ್ತ ರೆಕಾರ್ಡ್ ಮಾಡಿದ ಎರಡು ವಾಕ್ಯ: "ಮೋಟಾರ್ ಚಾಲೂ ಆಗಿದೆ." "ಮೋಟಾರ್ ನಿಂತಿದೆ." ಮೊದಲ ಪೆಟ್ಟಿಗೆ ಮೊದಲ ಕರೆಗೆ ಉತ್ತರಿಸಿದ ದಿನ ಸಲೀಂ ನನ್ನನ್ನು ಸೊಂಟ ಹಿಡಿದು ಎತ್ತಿಬಿಟ್ಟಿದ್ದ. ಆ ಸಂತೋಷ ಸುಳ್ಳಲ್ಲ. ಅದನ್ನೂ ಇಲ್ಲಿ ಹೇಳಬೇಕು.

ಪೆಟ್ಟಿಗೆಯೊಳಗಿನ ಪ್ರೋಗ್ರಾಮ್ ಪೂರ್ತಿ ನಾನು ಬರೆದದ್ದು. ಶುರುವಿನಲ್ಲಿ ಒಂದು ತೊಂದರೆ ಬಂದಿತ್ತು: ಎರಡು ಒತ್ತಿದರೂ ಮೋಟಾರ್ ನಿಲ್ಲುತ್ತಲೇ ಇರಲಿಲ್ಲ. ಕಾರಣ ಕಂಪೈಲರ್, ಅಂದರೆ ನಾವು ಬರೆದದ್ದನ್ನು ಚಿಪ್ಪಿಗೆ ಅರ್ಥವಾಗುವ ಆಜ್ಞೆಗಳಾಗಿ ಬದಲಿಸುವ ತಂತ್ರಾಂಶ. ಅದಕ್ಕೆ ಬೇಗ ಕೆಲಸ ಮುಗಿಸುವ ಆಸೆ. 'ಮೋಟಾರ್ ಓಡುತ್ತಿದೆಯೇ' ಎಂಬ ಗುರುತನ್ನು ಒಮ್ಮೆ ಓದಿದರೆ ನೆನಪಿಟ್ಟುಕೊಂಡು ಮತ್ತೆ ಹೋಗಿ ನೋಡುವುದಿಲ್ಲ. ಆ ಗುರುತಿನ ಹೆಸರಿನ ಹಿಂದೆ ವೊಲಟೈಲ್ ಎಂಬ ಒಂದು ಪದ ಸೇರಿಸಿದೆ. 'ಇದು ನಿನಗೆ ತಿಳಿಯದಂತೆ ಬದಲಾಗಬಹುದು, ಪ್ರತಿ ಸಲವೂ ಹೋಗಿ ನೋಡು' ಎಂದು ಅದರ ಅರ್ಥ. ಒಂದೇ ಪದ! ಮೋಟಾರ್ ತಕ್ಷಣ ನಿಂತಿತು. ಅಂದಿನಿಂದ ಎಲ್ಲಿ ಅನುಮಾನ ಬಂದರೂ ಆ ಪದ ಬರೆದು ನೆಮ್ಮದಿಯಾಗಿರುತ್ತಿದ್ದೆ. ಅದು ಬೀಗವಲ್ಲ, ಇಬ್ಬರು ಒಟ್ಟಿಗೆ ಕೈ ಹಾಕುವುದನ್ನು ಅದು ತಡೆಯುವುದಿಲ್ಲ ಎಂದು ಪುಸ್ತಕದಲ್ಲಿ ಓದಿದ್ದೆ. ಓದಿದ್ದೆ. ಅಷ್ಟೇ ಅಲ್ಲ — ಒಮ್ಮೆ ಆ ಬೀಗ, ಅಂದರೆ ಲಾಕ್, ಹಾಕಿಯೂ ನೋಡಿದ್ದೆ. ಅದು ಹಿಡಿದಿರುವಷ್ಟು ಹೊತ್ತು ಫೋನಿನಿಂದ ಬರುವ ಅಕ್ಷರಗಳು, ಅಂದರೆ ಒತ್ತಿದ ಅಂಕೆಗಳು, ತಪ್ಪಿಹೋದವು. ಎಲ್ಲಿ ಹಾಕಬೇಕು, ಎಷ್ಟು ಹೊತ್ತು ಹಾಕಬೇಕು ಎಂದು ಯೋಚಿಸುವ ತಾಳ್ಮೆ ಆ ವಾರ ನನಗಿರಲಿಲ್ಲ. ಲಾಕ್ ತೆಗೆದೆ. ವೊಲಟೈಲ್ ಇದೆಯಲ್ಲ ಎಂದುಕೊಂಡೆ.

ಇನ್ನು ಜಯಮ್ಮನವರ ವಿಷಯ.

ಗಂಡಸಿಯ ಹತ್ತಿರದ ಒಂದು ಹಳ್ಳಿ. ಜಯಮ್ಮನವರಿಗೂ ಅವರ ಮೈದುನ ಮಂಜಣ್ಣನಿಗೂ ಸೇರಿ ಒಂದೇ ಬೋರ್‌ವೆಲ್. ಜಯಮ್ಮನವರ ಗಂಡ ಇರಲಿಲ್ಲ. ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದು ಬಿಟ್ಟು, ತಮ್ಮ ಪಾಲಿನ ಜಾಗದಲ್ಲಿ ತೆಂಗಿನ ಸಸಿಗಳ ನರ್ಸರಿ ಮಾಡಿದ್ದರು. ಆ ಬಾವಿಯಲ್ಲಿ ನೀರು ಕಡಿಮೆ, ಎರಡು ಗಂಟೆ ಎಳೆದರೆ ಎರಡು ಗಂಟೆ ಬಿಡಬೇಕು, ನೀರು ಊರಬೇಕು. ಅದಕ್ಕೆ ಸರದಿ: ಏಳರಿಂದ ಒಂಬತ್ತು ಜಯಮ್ಮನವರದು. ಒಂಬತ್ತರಿಂದ ಹನ್ನೊಂದು ಯಾರದೂ ಅಲ್ಲ, ಬಾವಿಯದು. ಆಮೇಲೆ ಒಂದು ಗಂಟೆಯವರೆಗೆ ಮಂಜಣ್ಣನದು. ಪೆಟ್ಟಿಗೆಯಲ್ಲಿ ಇಬ್ಬರ ನಂಬರೂ ಹಾಕಿಕೊಟ್ಟಿದ್ದೆ.

ಒಂದು ದಿನ ಜಯಮ್ಮನವರು ಒಂಬತ್ತಕ್ಕೆ ಕರೆ ಮಾಡಿ, ಎರಡು ಒತ್ತಿ, ಉತ್ತರ ಕೇಳಿಸಿಕೊಂಡು, ಸಸಿ ಕೊಡಲು ಬಸ್ಸು ಹತ್ತಿ ಹೋದರು. ಮೋಟಾರ್ ನಿಲ್ಲಲಿಲ್ಲ. ನೀರು ಮುಗಿದ ಬಾವಿಯಲ್ಲಿ ಒಣಗಿ ಒಣಗಿ ತಿರುಗಿ, ಹನ್ನೊಂದಕ್ಕೆ ಮಂಜಣ್ಣ ಬರುವಷ್ಟರಲ್ಲಿ ಸುಟ್ಟುಹೋಗಿತ್ತು.

ಮಾರನೆಯ ದಿನ ಊರಿನವರು ಹಾಲಿನ ಡೇರಿಯ ಜಗಲಿಯ ಮೇಲೆ ಸೇರಿದರು. ನನ್ನನ್ನೂ ಕರೆಸಿದರು. ಹಳೇಬೀಡಿನಿಂದ ಜಯಮ್ಮನವರ ಅಣ್ಣ ಬಂದಿದ್ದರು, ತಂಗಿಯ ಪರವಾಗಿ ಮಾತಾಡಲು. ಬಿಳಿ ಅಂಗಿ, ಕಂಕುಳಲ್ಲಿ ಕೊಡೆ. ಬಂದವರು ನೇರವಾಗಿ ತಂಗಿಯ ಪಕ್ಕದಲ್ಲೇ ನಿಂತರು.

ಜಯಮ್ಮನವರು ಹೇಳಿದ್ದು ಹೀಗೆ: "ಎರಡು ಒತ್ತಿದೀನಿ ಕಣ್ರೀ. ಮುಂಚೇನೂ ಎರಡು ಸಲ ಹಿಂಗೇ ನಿಲ್ದೆ, ತಿರ್ಗಾ ಒತ್ತಿ ನಿಲ್ಸಿದ್ದೆ. ಮೋಟಾರ್ ನಿಂತಿದೆ ಅಂತ ಅದೇ ಹೇಳ್ತು. ಈಯಪ್ಪನ ದನೀನೇ ಅದು."

ಯಾರೋ ನಕ್ಕರು. "ಇಂಜಿನೇರಪ್ಪ ಡಬ್ಬಿ ಒಳಗೆ ಕುಂತ್ಕಂಡು ಮಾತಾಡ್ತಾನೇನವ್ವ?" ಎಂದು ಇನ್ನೊಬ್ಬರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಂಜಣ್ಣ ನನ್ನ ಕಡೆ ತಿರುಗಿದ. "ನೀವೇ ಹೇಳಿ ಸಾ. ಮಿಷನ್ನಲ್ಲಿ ಏನೈತೆ?"

ಪೆಟ್ಟಿಗೆ ಪ್ರತಿ ಗಂಟೆಗೊಮ್ಮೆ ಮೋಟಾರಿನ ಸ್ಥಿತಿಯನ್ನು ದಾಖಲೆ ಮಾಡಿಕೊಳ್ಳುತ್ತಿತ್ತು. ಲ್ಯಾಪ್‌ಟಾಪ್ ತೆರೆದು ನೋಡಿದೆ. ಜಯಮ್ಮನವರ ಕರೆ ಒಂಬತ್ತಕ್ಕೆ ಸ್ವಲ್ಪ ಮುಂಚೆ ಬಂದಿತ್ತು. ಒಂಬತ್ತರ ದಾಖಲೆಯಲ್ಲಿ ಮೋಟಾರ್ ಓಡುತ್ತಿದೆ ಎಂದಿತ್ತು. ಯಾವ ಗುಂಡಿ ಒತ್ತಿದರು ಎಂಬುದನ್ನು ನಮ್ಮ ಪೆಟ್ಟಿಗೆ ಬರೆದಿಡುತ್ತಲೇ ಇರಲಿಲ್ಲ. ಅಂದರೆ ಅವರು ಎರಡು ಒತ್ತಿದರೋ ಇಲ್ಲವೋ ಎಂದು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. 'ಗೊತ್ತಿಲ್ಲ' ಎನ್ನಬಹುದಿತ್ತು. ಆ ಮೂರು ಅಕ್ಷರ ಸಾಕಿತ್ತು. ಆದರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ಮತ್ತು ನನ್ನ ಪೆಟ್ಟಿಗೆ —

"ಕರೆ ಬಂದಿದೆ," ಎಂದೆ. "ಎರಡು ಒತ್ತಿದ ಹಾಗೆ ಕಾಣಲ್ಲ."

ಜಯಮ್ಮನವರು ಅಳಲಿಲ್ಲ. ಅಣ್ಣನ ಮುಖ ನೋಡಿದರು. ಆ ಅಣ್ಣ ಒಂದು ಹೆಜ್ಜೆ ಪಕ್ಕಕ್ಕೆ ಸರಿದದ್ದನ್ನು ನಾನು ಕಣ್ಣಾರೆ ಕಂಡೆ. "ಮಿಷನ್ನಿಗೇನು ನಿನ್ ಮೇಲೆ ದ್ವೇಷವೇನವ್ವಾ?" ಎಂದರು, ಮೆಲ್ಲಗೆ. ತಂಗಿಯ ಮನೆಯಲ್ಲಿ ಊಟ ಮಾಡದೆ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು.

ಜಯಮ್ಮನವರ ನಂಬರ್ ಪೆಟ್ಟಿಗೆಯಿಂದ ತೆಗೆಯಬೇಕು, ಇನ್ನು ಮಂಜಣ್ಣನೇ ಹಾಕಿ ಮಂಜಣ್ಣನೇ ನಿಲ್ಲಿಸಲಿ ಎಂದು ತೀರ್ಮಾನವಾಯಿತು. ಅಲ್ಲೇ ಕೂತು, ಒಂದು ಮೆಸೇಜ್ ಕಳಿಸಿ ತೆಗೆದುಹಾಕಿದೆ. ಒಂದು ನಿಮಿಷದ ಕೆಲಸ.

ಆಮೇಲೆ ಆದದ್ದು: ಮಂಜಣ್ಣ ನೀರು ಬಿಟ್ಟಾಗ ಉಂಟು, ಇಲ್ಲದಿದ್ದರೆ ಇಲ್ಲ. ಸಸಿಗಳಿಗೆ ಅದು ಸಾಲುವುದಿಲ್ಲ. ಎರಡನೆಯ ಬೇಸಿಗೆಗೆ ನರ್ಸರಿ ಮುಗಿಯಿತು. ಜಯಮ್ಮನವರು ಬೇರೆಯವರ ನರ್ಸರಿಗೆ ಕೂಲಿಗೆ ಹೋಗಿ, ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬತೊಡಗಿದರು.

ಜಗಲಿಯ ಮೇಲಿನ ಆ ಮಾತಾದ ಹತ್ತು ತಿಂಗಳ ನಂತರ ಬಸ್ತಿಹಳ್ಳಿಯ ಒಬ್ಬ ನಿವೃತ್ತ ಮೇಷ್ಟ್ರು ಫೋನ್ ಮಾಡಿದರು. ಮೋಟಾರ್ ಕೆಲವು ಸಲ ನಿಲ್ಲುವುದಿಲ್ಲ, ಆದರೆ ನಿಂತಿದೆ ಎಂದು ನೀವೇ ಹೇಳುತ್ತೀರಿ ಎಂದು ದೂರು. ಬೈಕಿನಲ್ಲಿ ಹೋದೆ. ಯಾವ ಹೊತ್ತಿಗೆ ನಿಲ್ಲಿಸುತ್ತೀರಿ ಎಂದು ಸುಮ್ಮನೆ ಕೇಳಿದೆ. "ಗಂಟೆ ಹೊಡೆದ ಹಾಗೆ ನಿಲ್ಲಿಸ್ತೀನಿ ಕಣ್ರೀ. ಹತ್ತು ಅಂದ್ರೆ ಹತ್ತು. ಸ್ಕೂಲಿನ ಅಭ್ಯಾಸ," ಎಂದರು.

ವಾಪಸು ಬರುವಾಗ ಬಸದಿಯ ಮುಂದಿನ ರಸ್ತೆಯಲ್ಲಿ ಬೈಕು ನಿಲ್ಲಿಸಿದೆ. ಗಂಟೆ ಹೊಡೆದ ಹಾಗೆ! ಗಂಟೆ ತುಂಬಿದಾಗ ನನ್ನ ಪ್ರೋಗ್ರಾಮ್ ಏನು ಮಾಡುತ್ತದೆ? ದಾಖಲೆ ಬರೆಯುತ್ತದೆ. ಆಗ —

ಅಂಗಡಿಗೆ ಹೇಗೆ ಬಂದೆನೋ ತಿಳಿಯದು. ಸಲೀಂನಿಗೆ ಅರ್ಥ ಮಾಡಿಸಲು ಗೋಡೆಯ ಕರಿಹಲಗೆ ತೋರಿಸಿದೆ. ಇದು ಪಂಪ್ ಮನೆಯ ಹಲಗೆ ಅಂದುಕೋ. ಇದರ ಮೇಲೆ ಎರಡು ಗುರುತು, ಮೋಟಾರ್ ಓಡುತ್ತಿದೆ ಎಂಬುದೊಂದು, ದಾಖಲೆ ಆಯಿತು ಎಂಬುದೊಂದು. ಗಂಟೆ ತುಂಬಿದಾಗ ಒಬ್ಬ ಬಂದು ಹಲಗೆಯನ್ನು ಹಾಗೇ ಚೀಟಿಗೆ ನಕಲು ಮಾಡಿಕೊಳ್ಳುತ್ತಾನೆ. ಒಳಗೆ ಹೋಗಿ ಪುಸ್ತಕದಲ್ಲಿ ಬರೆಯುತ್ತಾನೆ, ಸುಮಾರು ಸೆಕೆಂಡಿನ ಮೂರರಲ್ಲಿ ಒಂದು ಭಾಗ. ವಾಪಸು ಬಂದು, ಚೀಟಿಯಲ್ಲಿದ್ದುದಕ್ಕೆ 'ದಾಖಲೆ ಆಯಿತು' ಎಂದು ಸೇರಿಸಿ, ಇಡೀ ಹಲಗೆಯನ್ನು ಹೊಸದಾಗಿ ಬರೆಯುತ್ತಾನೆ. ಅವನು ಒಳಗಿರುವಾಗ ಇನ್ನೊಬ್ಬ ಬಂದು 'ಓಡುತ್ತಿದೆ' ಎಂಬುದನ್ನು ಅಳಿಸಿ, ಫೋನಿನಲ್ಲಿ 'ಮೋಟಾರ್ ನಿಂತಿದೆ' ಎಂದು ಹೇಳಿ ಹೋದರೆ? ಮೊದಲನೆಯವನು ಹಳೆಯ ಚೀಟಿ ನೋಡಿಕೊಂಡು ಮತ್ತೆ 'ಓಡುತ್ತಿದೆ' ಎಂದೇ ಬರೆಯುತ್ತಾನೆ. ಹಲಗೆ ಹೇಳಿದಂತೆ ಮೋಟಾರ್ ಓಡುತ್ತಲೇ ಇರುತ್ತದೆ. ಇಬ್ಬರೂ ಹಲಗೆಯ ಹತ್ತಿರವೇ ಹೋಗಿ ನೋಡಿದ್ದಾರೆ. ವೊಲಟೈಲ್ ಹೇಳಿದ್ದು ಅಷ್ಟನ್ನೇ, ಅದು ತಪ್ಪಿಲ್ಲ. ಬೇಕಾಗಿದ್ದದ್ದು ಲಾಕ್: 'ನಾನು ಓದಿ, ಬದಲಿಸಿ, ಬರೆದು ಮುಗಿಸುವ ತನಕ ಯಾರೂ ಹಲಗೆ ಮುಟ್ಟಬೇಡಿ.' ಅದೂ ಪುಸ್ತಕ ಬರೆಯುವಷ್ಟು ಹೊತ್ತಲ್ಲ. ಬರೆದು ಬಂದ ಮೇಲೆ, ಹಲಗೆಯನ್ನು ಮತ್ತೊಮ್ಮೆ ಓದಿ ಒಂದು ಗುರುತು ಹಾಕುವಷ್ಟು, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು. ನಾಲ್ಕು ಸಾಲು ಬರೆದಿದ್ದರೆ ಆಗುತ್ತಿತ್ತು. ಅಕ್ಷರಗಳೂ ತಪ್ಪುತ್ತಿರಲಿಲ್ಲ.

"ಏನ್ಲಾ ಇದು, ಇಷ್ಟೇನಾ?" ಎಂದ ಸಲೀಂ.

ಇಷ್ಟೇ! ಮೇಜಿನ ಮೇಲೆ ಒಂದು ಬೋರ್ಡ್ ಇಟ್ಟು, ಮೋಟಾರಿನ ಬದಲು ಬಲ್ಬ್ ಹಾಕಿ, ಪ್ರತಿ ನಿಮಿಷಕ್ಕೂ ಗಂಟೆ ತುಂಬುವ ಹಾಗೆ ಗಡಿಯಾರ ಬದಲಿಸಿ, ಇಬ್ಬರೂ ಸರದಿಯಲ್ಲಿ ಫೋನ್ ಮಾಡುತ್ತ ಕೂತೆವು. ಎಷ್ಟೋ ಸಲ ಬಲ್ಬ್ ಸರಿಯಾಗಿಯೇ ಆರಿತು. ಒಂದು ಸಲ ನನ್ನ ಧ್ವನಿ 'ಮೋಟಾರ್ ನಿಂತಿದೆ' ಎಂದಿತು, ಬಲ್ಬ್ ಉರಿಯುತ್ತಲೇ ಇತ್ತು. ಸಿಕ್ಕಿತು! ಮೇಜು ಗುದ್ದಿದೆ, ಕೂಗಿದೆ, ಸಲೀಂನನ್ನು ತಬ್ಬಿಕೊಂಡೆ. ಎದುರಿನ ಅಂಗಡಿಯವರು ಬಂದು ಇಣುಕಿದರು. ತಪ್ಪೊಪ್ಪಿಗೆ ಎಂದರೆ ನನ್ನ ಮಟ್ಟಿಗೆ ಇದನ್ನು ಹೇಳುವುದೇ. ಆ ತಪ್ಪು ಸಿಕ್ಕಾಗ ನನಗಾದಷ್ಟು ಸಂತೋಷ ಜೀವನದಲ್ಲಿ ಕೆಲವೇ ಸಲ ಆಗಿದೆ. ಆ ಸಂತೋಷದಲ್ಲಿ ಜಯಮ್ಮನವರು ಇರಲೇ ಇಲ್ಲ.

ನೆನಪಿಸಿದವನು ಸಲೀಂ. "ಗಂಡಸಿ ಕಡೆಯ ಆ ಅಮ್ಮ... ಅವರೂ ಒಂಬತ್ತು ಅಂದ್ರೆ ಒಂಬತ್ತಕ್ಕೇ ಅಲ್ವೇನೋ?"

ಹೌದು. ದಿನವೂ ಬೆಳಿಗ್ಗೆ ಕೈಗಡಿಯಾರವನ್ನು ಫೋನಿಗೆ ಹೊಂದಿಸಿಕೊಳ್ಳುತ್ತಿದ್ದರು. ಅರ್ಧ ನಿಮಿಷ ಮುಂಚೆಯೇ ಕರೆ ಮಾಡಿ, ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬರುವುದನ್ನು ಕಾದು ಒತ್ತುತ್ತಿದ್ದರು. ಬಾವಿಯ ಹೊತ್ತಿನಲ್ಲಿ ಒಂದು ನಿಮಿಷವೂ ತಮಗೆ ಬೇಡ ಎಂದು. ಮಂಜಣ್ಣ ನೆನಪಾದಾಗ ನಿಲ್ಲಿಸುತ್ತಿದ್ದ, ಒಂದಕ್ಕೆ ಐದು ನಿಮಿಷ ಇರುವಾಗ, ಹತ್ತು ನಿಮಿಷ ಕಳೆದ ಮೇಲೆ. ಅವನಿಗೆ ಒಮ್ಮೆಯೂ ಈ ತೊಂದರೆ ಬರಲಿಲ್ಲ. ಪೆಟ್ಟಿಗೆ ಕೈಕೊಟ್ಟದ್ದು ನಿಯತ್ತಾಗಿ ಹೊತ್ತು ನೋಡಿ ಒತ್ತಿದವರಿಗೆ ಮಾತ್ರ.

"ಅವ್ರಿಗೆ ಹೇಳ್ಬೇಕು ಕಣೋ," ಎಂದ ಸಲೀಂ. "ಮೊದಲು ಸರಿ ಮಾಡೋಣ, ಆಮೇಲೆ ಹೇಳೋಣ," ಎಂದೆ ನಾನು. ಇಷ್ಟು ಸ್ಪಷ್ಟವಾಗಿ ನೆನಪಿದೆ. ಅವನು ಎರಡು ಸಲ ಮತ್ತೆ ಕೇಳಿದ. ಮೂರನೆಯ ಸಲ ಕೇಳಲಿಲ್ಲ.

ಸರಿ ಮಾಡಿದೆ. ಎಲ್ಲ ಊರಿಗೂ ಹೋಗಿ ಪ್ರೋಗ್ರಾಮ್ ಬದಲಿಸಿದೆ. ಸಿಗ್ನಲ್ ಚೆನ್ನಾಗಿ ಸಿಗಲು ಹೊಸ ವರ್ಷನ್ ಎಂದು ಹೇಳಿಕೊಂಡೆ. ಜಯಮ್ಮನವರ ಪಂಪ್ ಮನೆಗೂ ಹೋದೆ. ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಮಂಜಣ್ಣ ಆಚೆ ಹೋದಾಗ ಹತ್ತಿರ ಬಂದು ಕೇಳಿದರು: "ನನ್ ನಂಬರ್ ಹಾಕ್ತೀಯೇನಪ್ಪ?"

"ಅವ್ರು ಹೇಳ್ಬೇಕಮ್ಮ," ಎಂದೆ.

ತಿಳಿದೂ ಹೇಳಿದ ಮಾತು ಇದು. ಜಗಲಿಯ ಮೇಲಿನದು ತಿಳಿಯದೆ ಆಡಿದ್ದು. ಎರಡನ್ನೂ ಒಂದೇ ಎಂದು ಯಾರೂ ತಿಳಿಯಬಾರದು.

ಆರು ವರ್ಷ ಹೋಯಿತು. ಅಂಗಡಿ ಬೆಳೆಯಿತು. ಕಳೆದ ತಿಂಗಳು ಹಾಸನದ ಒಂದು ಕಾಲೇಜಿನಲ್ಲಿ ಮಾತಾಡಲು ಕರೆದರು — ವೊಲಟೈಲ್ ಎಲ್ಲಿ ಸಾಕು, ಲಾಕ್ ಎಲ್ಲಿ ಬೇಕು ಎಂಬ ವಿಷಯ. ನಾನು ಈ ಕತೆಯನ್ನೇ ಹೇಳಿದೆ. ಒಬ್ಬ ಹೆಂಗಸು, ಕೈಗಡಿಯಾರ, ಸರಿಯಾಗಿ ಒಂಬತ್ತು. ಎಷ್ಟು ಚೆನ್ನಾಗಿ ಹೇಳಿದೆನೆಂದರೆ ಎಲ್ಲರೂ ನಕ್ಕರು, ಬಲ್ಬ್ ಉರಿಯುತ್ತಲೇ ಇತ್ತು ಎಂದಾಗ ಚಪ್ಪಾಳೆ ತಟ್ಟಿದರು. ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: "ಆ ಅಮ್ಮ ಏನಂದ್ರು ಸರ್, ಗೊತ್ತಾದ್ಮೇಲೆ?"

ಸಮಯವಾಯಿತು ಎಂದು ಮೈಕು ಕೆಳಗಿಟ್ಟೆ.

ಮುಂದಿನ ಭಾನುವಾರವೇ ಹಳೆಯ ಬೋರ್ಡು, ಬಲ್ಬು, ಬ್ಯಾಟರಿ ಚೀಲಕ್ಕೆ ಹಾಕಿಕೊಂಡು ಹೋದೆ. ಜಯಮ್ಮನವರು ಮನೆಯ ಮುಂದೆ ಹುರುಳಿ ಆರಿಸುತ್ತಿದ್ದರು. ಹೇಳಬೇಕಾದ್ದನ್ನು ನಿಂತುಕೊಂಡೇ ಹೇಳಿದೆ. ಅವರು ಮೊರ ಪಕ್ಕಕ್ಕಿಟ್ಟು, "ತೋರ್ಸು," ಎಂದರು.

ಜಗಲಿಯ ಮೇಲೆ ಬೋರ್ಡು ಇಟ್ಟೆ. ಅವರೇ ಫೋನ್ ಮಾಡಿದರು, ಗಡಿಯಾರ ನೋಡುತ್ತ ಎರಡು ಒತ್ತಿದರು. ಬಲ್ಬ್ ಆರಿತು. ಮತ್ತೆ. ಆರಿತು. "ಸ್ವಲ್ಪ ತಡಿ," ಎಂದು ಕನ್ನಡಕ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತರು. ಮುಳ್ಳು ಹನ್ನೆರಡಕ್ಕೆ ಬಂತು. ಒತ್ತಿದರು. ಮೋಟಾರ್ ನಿಂತಿದೆ ಎಂದು ನನ್ನ ಧ್ವನಿ ಹೇಳಿತು. ಬಲ್ಬ್ ಉರಿಯುತ್ತಿತ್ತು.

ನಾವು ನೂರಾರು ಸಲ ಮಾಡಿ ಹಿಡಿದದ್ದನ್ನು ಅವರು ಮೂರನೆಯ ಸಲಕ್ಕೆ ಹಿಡಿದರು. ತೊಡೆ ತಟ್ಟಿಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. "ನೋಡ್ದಾ! ನೋಡ್ದಾ ಹೆಂಗ್ ಸುಳ್ಳು ಹೇಳ್ತೈತೆ!" ಮತ್ತೆ ಮಾಡಿದರು. ಆರಿತು. ಮತ್ತೆ ಮಾಡಿದರು. ಉರಿಯಿತು. ಅವರ ಜೊತೆ ನಾನೂ ಮುಳ್ಳನ್ನೇ ನೋಡುತ್ತಿದ್ದೆ, ಇನ್ನೊಂದು ಸಲ, ಇನ್ನೊಂದು ಸಲ ಎಂದು. ಎಷ್ಟೋ ಹೊತ್ತಿನ ಮೇಲೆ ಅವರು ಫೋನ್ ಕೆಳಗಿಟ್ಟರು. ನಗು ಹೋಗಿತ್ತು.

"ಅಲ್ಲ ಕಣಪ್ಪ, ಇದನ್ನ ನಂಗ್ಯಾಕೆ ಹೇಳೋಕೆ ಬಂದೆ?" ಎಂದರು. "ಒತ್ತಿದ್ದು ನಂಗೆ ಅವತ್ತೇ ಗೊತ್ತಿತ್ತಲ್ಲ. ಗೊತ್ತಿಲ್ದೇ ಇರೋರಿಗೆ ಹೇಳು."

ಊರಿನವರನ್ನು ಡೇರಿಯ ಹತ್ತಿರ ಸೇರಿಸುತ್ತೇನೆ ಎಂದೆ. ಬೇಡ ಎಂದರು. ಗುಂಪಿನಲ್ಲಿ ಹೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದು ಹೋಗುತ್ತಾರೆ. ಒಬ್ಬೊಬ್ಬರ ಮನೆಗೂ ಹೋಗಬೇಕು, ಕೂತು ಹೇಳಬೇಕು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮೊದಲು ಮಂಜಣ್ಣನ ಮನೆ. ಆ ಬಾವಿ ಬತ್ತಿ ಮೂರು ವರ್ಷವಾಯಿತು, ಈಗ ಅತ್ತಿಗೆಗೆ ಏನು ಕೊಡಲಿ ಎಂದ. ಎದ್ದು ಅಂಗಿ ಹಾಕಿಕೊಂಡು ಅವರ ಮನೆಯ ಕಡೆ ನಡೆದ. ಅಲ್ಲಿ ಏನು ಮಾತಾಯಿತು ನನಗೆ ಗೊತ್ತಿಲ್ಲ. ಉಳಿದ ಮನೆಗಳಿಗೂ ಹೋದೆ. ಒಬ್ಬರು ಬೈದರು. ಒಬ್ಬರಿಗೆ ಆ ದಿನವೇ ನೆನಪಿರಲಿಲ್ಲ.

ಕೊನೆಗೆ ಉಳಿದದ್ದು ಹಳೇಬೀಡು. ಜಯಮ್ಮನವರ ಅಣ್ಣ ತೀರಿಕೊಂಡಿದ್ದಾರೆ ಎಂದು ಗೊತ್ತಿತ್ತು. ನಿನ್ನೆ ಅವರ ಹೆಂಡತಿಯ ಮುಂದೆ ಕೂತು ಹೇಳಿದೆ. ಆಕೆಗೆ ಕಿವಿ ಸ್ವಲ್ಪ ಮಂದ. ಅರ್ಧ ಕೇಳಿ ಕೈ ಎತ್ತಿ ನನ್ನನ್ನು ನಿಲ್ಲಿಸಿದರು. ಒಳಗಿನಿಂದ ಮಗನನ್ನೂ ಸೊಸೆಯನ್ನೂ ಕರೆದು ಕೂರಿಸಿದರು. "ನಿಮ್ ಜಯಮ್ಮತ್ತೆ ವಿಷ್ಯ ಕಣ್ರೋ, ಕೇಳಿಸ್ಕಳಿ. ಮೊದ್ಲಿಂದ ಹೇಳಪ್ಪ, ಜೋರಾಗಿ."

ಮೊದಲಿನಿಂದ ಹೇಳಿದೆ, ಜೋರಾಗಿ. ಮುಗಿದ ಮೇಲೆ ಆಕೆ ಕೇಳಿದ್ದು ಒಂದೇ: ನಿನಗೆ ಇದು ಗೊತ್ತಾಗಿದ್ದು ಯಾವಾಗ? ಹೇಳಿದೆ. ಬೆರಳು ಮಡಚಿ ಲೆಕ್ಕ ಹಾಕಿದರು.

"ಆಮೇಲೂ ಎರಡು ವರ್ಷ ಇದ್ರಲ್ಲಪ್ಪ ನಮ್ಮನೆಯವ್ರು," ಎಂದರು. "ಹಬ್ಬಕ್ಕೆ ತಂಗೀನ ಕರೀರಿ ಅಂದ್ರೆ ಗೋಡೆ ಕಡೆ ತಿರುಗ್ಕಳೋರು."

ಅರಸೀಕೆರೆಯಿಂದ ಹಳೇಬೀಡಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಆ ಎರಡು ವರ್ಷದಲ್ಲಿ ನಾನು ಪೆಟ್ಟಿಗೆ ಹಾಕಲು ಆ ಮನೆಯ ಬೀದಿಯಲ್ಲೇ ನಾಲ್ಕು ಸಲ ಹೋಗಿದ್ದೇನೆ.